ತೆರೆದ ಬಾಗಿಲಿನ ಒಳಗೊಂದು ಹೊಸ್ತಿಲು

ಅನ್ನ ಬೆಂದಿದೆಯೇ ಇಲ್ಲವೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ಮನೆಗಳ ಹಿರಿಯರು ಹೇಳುತ್ತ ಬಂದ ಮಾತು. ಪಾತ್ರೆಯ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಒಂದೇ ಹೊತ್ತು ಬೆಂದಿರುವುದರಿಂದ ಆ ಮಾತು ದಿಟ. ಆದರೆ ಮನುಷ್ಯನ ಕಲಿಕೆಯನ್ನೂ ಹೀಗೆ ಒಂದು ಅಗುಳಿನಿಂದ ತಿಳಿಯಬಹುದೇ? ಹನ್ನೆರಡು ವರ್ಷ ಶಾಲೆಯಲ್ಲಿ ಕುಳಿತು ಬಂದವನ ಯೋಗ್ಯತೆಯನ್ನು ಒಂದು ಮಧ್ಯಾಹ್ನ ಕೆಲವೇ ಪ್ರಶ್ನೆಗಳಿಂದ ಅಳೆದು, ‘ನೀನು ಈ ತರಗತಿಗೆ, ನೀನು ಆ ತರಗತಿಗೆ’ ಎಂದು ವಿಂಗಡಿಸಬಹುದೇ? ಅಮೆರಿಕದ ಕಮ್ಯುನಿಟಿ ಕಾಲೇಜುಗಳು ಬಹುಕಾಲ ಹಾಗೆ ವಿಂಗಡಿಸಿದವು. ಆ ಪದ್ಧತಿ ಹೇಗೆ ಹುಟ್ಟಿತು, ಹೇಗೆ ಬೇರುಬಿಟ್ಟಿತು, ಹೇಗೆ ಅಲುಗಾಡಿತು ಎಂಬುದನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಕಥೆ ದೂರದ ದೇಶದ್ದಾದರೂ ಪರೀಕ್ಷೆ ಬರೆದವರಿಗೂ ಪರೀಕ್ಷೆಯ ಹಾಳೆಗಳನ್ನು ತಿದ್ದಿದವರಿಗೂ ಹತ್ತಿರದ್ದೇ.

ಮೊದಲಿಗೆ ಕಮ್ಯುನಿಟಿ ಕಾಲೇಜು ಎಂದರೇನು ಎಂಬುದನ್ನು ಹೇಳಬೇಕು. ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಆರೇ ವಿದ್ಯಾರ್ಥಿಗಳೊಂದಿಗೆ ಒಂದು ಕಿರಿಯ ಕಾಲೇಜು ಆರಂಭವಾಯಿತು. ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಮತ್ತು ಆ ಊರಿನ ಪ್ರೌಢಶಾಲೆಯ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಇದರ ಸ್ಥಾಪಕರು. ವಿಶ್ವವಿದ್ಯಾನಿಲಯದ ಮೊದಲ ಎರಡು ವರ್ಷಗಳ ಪಾಠವನ್ನು ಊರಿನಲ್ಲಿಯೇ ಹೇಳಿಕೊಟ್ಟರೆ ದೂರ ಹೋಗಲಾರದ ಮಕ್ಕಳಿಗೂ ಓದು ದಕ್ಕುತ್ತದೆ ಎಂಬುದು ಅವರ ಯೋಚನೆ. ಕ್ಯಾಲಿಫೋರ್ನಿಯಾ 1907ರಲ್ಲಿ ಇಂಥ ಪಾಠಗಳಿಗೆ ಅವಕಾಶ ಕೊಡುವ ಕಾಯಿದೆಯನ್ನು ಮಾಡಿತು. 1910ರಲ್ಲಿ ಫ್ರೆಸ್ನೋದಲ್ಲಿ ಅಲ್ಲಿಯ ಮೊದಲ ಕಿರಿಯ ಕಾಲೇಜು ತೆರೆಯಿತು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲೆ, ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗವು 1947ರ ತನ್ನ ವರದಿಯಲ್ಲಿ ಇಂಥ ಕಾಲೇಜುಗಳನ್ನು ನಾಡಿನ ತುಂಬ ಹರಡಬೇಕೆಂದು ಸೂಚಿಸಿತು. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದುದು ಮುಖ್ಯವಾಗಿ ಆ ವರದಿಯಿಂದ.

1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆಯನ್ನು ರೂಪಿಸಿತು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ನೂರಕ್ಕೆ ಹನ್ನೆರಡೂವರೆ ಪಾಲಿನವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಅರ್ಹರು. ಮೇಲಿನ ಮೂರನೆಯ ಒಂದು ಪಾಲಿನವರು ರಾಜ್ಯ ಕಾಲೇಜುಗಳಿಗೆ ಅರ್ಹರು. ಕಿರಿಯ ಕಾಲೇಜಿನ ಬಾಗಿಲು ಮಾತ್ರ ಎಲ್ಲರಿಗೂ ತೆರೆದದ್ದು. ‘ತೆರೆದ ಬಾಗಿಲು’ ಎಂಬ ಮಾತು ಈ ಕಾಲೇಜುಗಳ ಹೆಮ್ಮೆಯ ಬಿರುದಾಯಿತು. ಕ್ಯಾಲಿಫೋರ್ನಿಯಾದಲ್ಲಂತೂ 1984ರವರೆಗೆ ಅಲ್ಲಿಯ ನಿವಾಸಿಗಳಿಗೆ ಬೋಧನಾ ಶುಲ್ಕವೂ ಇರಲಿಲ್ಲ.

ಬಾಗಿಲು ತೆರೆದ ಮೇಲೆ ಎಂಥವರು ಬರುತ್ತಾರೆ? ಎಲ್ಲರೂ ಬರುತ್ತಾರೆ. ನಿನ್ನೆ ಶಾಲೆ ಬಿಟ್ಟ ಹುಡುಗನ ಪಕ್ಕದಲ್ಲಿ ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವನು ಕೂರುತ್ತಾನೆ. ಮಕ್ಕಳು ದೊಡ್ಡವರಾದ ಮೇಲೆ ಓದಲು ಬಂದ ತಾಯಿ, ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವ ವಲಸೆಗಾರ, ಬೀಜಗಣಿತವನ್ನು ಎಂದೋ ಮರೆತ ಸೈನಿಕ, ಇವರೆಲ್ಲ ಒಂದೇ ಬೆಂಚಿನವರು. ಇವರಿಗೆ ಒಂದೇ ಪಾಠ ಹೇಳುವುದು ಹೇಗೆ ಎಂಬ ಚಿಂತೆ ಅಧ್ಯಾಪಕರನ್ನು ಕಾಡಿದ್ದರೆ ಆಶ್ಚರ್ಯವಿಲ್ಲ. ಈ ಚಿಂತೆ ಹೊಸದೂ ಅಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು 1849ರಲ್ಲಿ ಆರಂಭಿಸಿದ ಮೊದಲ ತರಗತಿಯೇ ಪೂರ್ವಸಿದ್ಧತೆಯ ತರಗತಿಯಾಗಿತ್ತು. ಸಿರಿವಂತರ ಮಕ್ಕಳು ಓದುತ್ತಿದ್ದ ಹಾರ್ವರ್ಡ್ ಕೂಡ 1874ರಲ್ಲಿ, ಪ್ರವೇಶ ಬಯಸುವವರು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದು ತೋರಿಸಬೇಕೆಂದು ವಿಧಿಸಿ, ಬಂದ ಬರಹಗಳನ್ನು ಕಂಡು ತಲೆಯ ಮೇಲೆ ಕೈಹೊತ್ತು ಕುಳಿತಿತು. ‘ಇಂದಿನ ಹುಡುಗರಿಗೆ ಬರೆಯಲು ಬಾರದು’ ಎಂಬ ದೂರು ಎಲ್ಲ ಕಾಲದ ಇಂದಿನ ಹುಡುಗರಿಗೂ ಸಂದದ್ದು.

ಇಲ್ಲಿ ಎರಡು ಬಗೆಯ ಪರೀಕ್ಷೆಗಳ ಭೇದವನ್ನು ತಿಳಿಯಬೇಕು. ಪ್ರವೇಶ ಪರೀಕ್ಷೆಯು ಯಾರನ್ನು ಒಳಗೆ ಬಿಡಬೇಕು ಎಂದು ನಿರ್ಧರಿಸುತ್ತದೆ. ಪ್ಲೇಸ್‌ಮೆಂಟ್ ಪರೀಕ್ಷೆಯು ಒಳಗೆ ಬಂದವರನ್ನು ಎಲ್ಲಿ ಕೂರಿಸಬೇಕು ಎಂದು ನಿರ್ಧರಿಸುತ್ತದೆ. ಮೊದಲನೆಯದು ಬಾಗಿಲು ಕಾಯುವ ಕೆಲಸ, ಎರಡನೆಯದು ಎಲೆ ಹಾಕುವ ಕೆಲಸ. ಎರಡನೆಯದು ಉಪಕಾರಕ್ಕಾಗಿಯೇ ಹುಟ್ಟಿದ್ದು: ತಯಾರಿ ಸಾಲದವನನ್ನು ಮೇಲಿನ ತರಗತಿಗೆ ಹಾಕಿ ಮುಳುಗಿಸುವ ಬದಲು, ಕೆಳಗಿನ ಪರಿಹಾರ ಬೋಧನೆಯ ತರಗತಿಯಲ್ಲಿ ಕೂರಿಸಿ, ಈಜು ಕಲಿಸಿ, ಆಮೇಲೆ ಹೊಳೆಗೆ ಬಿಡೋಣ ಎಂಬ ಸದುದ್ದೇಶ.

ಆದರೆ ಆ ಕೆಲಸಕ್ಕೆ ಬೇಕಾದ ಅಳತೆಗೋಲನ್ನು ತಂದುದು ಬೇರೊಂದು ಮನೆಯಿಂದ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವು ಸುಮಾರು ಹದಿನೇಳು ಲಕ್ಷ ಜನರನ್ನು ಬುದ್ಧಿಪರೀಕ್ಷೆಗೆ ಒಳಪಡಿಸಿತು. ಆ ಪರೀಕ್ಷೆಗಳ ಫಲಿತಾಂಶವನ್ನು ಹಿಡಿದು ಕಾರ್ಲ್ ಬ್ರಿಗಂ ಎಂಬ ಮನಶ್ಶಾಸ್ತ್ರಜ್ಞ 1923ರಲ್ಲಿ ಒಂದು ಗ್ರಂಥ ಬರೆದು, ಜನಾಂಗ ಜನಾಂಗಗಳ ನಡುವೆ ಬುದ್ಧಿಯ ತಾರತಮ್ಯವಿದೆಯೆಂದು ಸಾರಿದ. 1926ರಲ್ಲಿ ಕಾಲೇಜ್ ಬೋರ್ಡಿಗಾಗಿ ಎಸ್.ಎ.ಟಿ. ಪರೀಕ್ಷೆಯನ್ನು ರೂಪಿಸಿದವನೂ ಅವನೇ. 1930ರಲ್ಲಿ ಅವನು ತನ್ನ ಆ ತೀರ್ಮಾನಗಳಿಗೆ ಬುಡವಿಲ್ಲವೆಂದು ಬಹಿರಂಗವಾಗಿ ಹಿಂದೆಗೆದುಕೊಂಡನೆಂಬುದು ಅವನ ದೊಡ್ಡತನ. ಆದರೆ ಗ್ರಂಥಕರ್ತ ಹಿಂದೆಗೆದುಕೊಂಡರೂ ಯಂತ್ರ ನಿಲ್ಲಲಿಲ್ಲ. ಅಸಂಖ್ಯ ಜನರನ್ನು ಸ್ವಲ್ಪ ಹಣದಲ್ಲಿ, ಸ್ವಲ್ಪ ಹೊತ್ತಿನಲ್ಲಿ ಸಾಲಾಗಿ ನಿಲ್ಲಿಸುವ ವಿದ್ಯೆ ಕೈವಶವಾಗಿತ್ತು. ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಾಗಲಿಲ್ಲ.

ಈ ವಿದ್ಯೆ ಕಿರಿಯ ಕಾಲೇಜಿನೊಳಗೆ ಮಾಡಿದ ಕೆಲಸವನ್ನು ಮೊದಲು ಗುರುತಿಸಿ ಹೇಳಿದವನು ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ. ಸ್ಯಾನ್ ಹೋಸೆ ನಗರದ ಕಿರಿಯ ಕಾಲೇಜನ್ನು ಅಭ್ಯಾಸ ಮಾಡಿ 1960ರಲ್ಲಿ ಅವನು ಒಂದು ಪುಸ್ತಕವನ್ನೂ ಒಂದು ಲೇಖನವನ್ನೂ ಪ್ರಕಟಿಸಿದ. ಅವನು ಕಂಡ ಕ್ರಮ ಹೀಗಿತ್ತು: ಹೊಸ ವಿದ್ಯಾರ್ಥಿಗೆ ಮೊದಲು ಪರೀಕ್ಷೆ, ಅಂಕ ಕಡಿಮೆ ಬಂದರೆ ಪರಿಹಾರ ಬೋಧನೆ, ಆ ಮೇಲೆ ಸಲಹೆಗಾರನ ಮಾತುಕತೆ, ‘ನಿನ್ನನ್ನು ನೀನು ಅರಿತುಕೋ’ ಎಂಬ ಧಾಟಿಯ ಒಂದು ಪಾಠ, ಕೊನೆಗೆ ಎಚ್ಚರಿಕೆಯ ಪತ್ರ. ಯಾರೂ ಅವನನ್ನು ಹೊರಗೆ ದಬ್ಬುವುದಿಲ್ಲ. ವಿಶ್ವವಿದ್ಯಾನಿಲಯಕ್ಕೆ ಹೋಗಬೇಕೆಂದು ಬಂದವನು ಮೆಲ್ಲಮೆಲ್ಲನೆ ತನ್ನ ಆಸೆಯನ್ನು ತಾನೇ ಕೈಬಿಟ್ಟು ಸಣ್ಣದೊಂದು ಗುರಿಗೆ ಒಪ್ಪಿಕೊಳ್ಳುತ್ತಾನೆ. ಇದಕ್ಕೆ ಕ್ಲಾರ್ಕ್ ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಕಾವು ಆರಿಸುವುದು’ ಎನ್ನಬಹುದು. ಅವನು ಅದನ್ನು ಎರವಲು ಪಡೆದುದು ಅರ್ವಿಂಗ್ ಗಾಫ್‌ಮನ್ 1952ರಲ್ಲಿ ಬರೆದ ಒಂದು ಪ್ರಬಂಧದಿಂದ. ಗಾಫ್‌ಮನ್ನನಿಗೆ ಆ ಮಾತು ಸಿಕ್ಕಿದ್ದು ಮೋಸಗಾರರ ಗುಂಪಿನ ನುಡಿಯಿಂದ: ಹಣ ಕಳೆದುಕೊಂಡವನು ಗುಲ್ಲೆಬ್ಬಿಸದಂತೆ ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುವವನೊಬ್ಬನಿರುತ್ತಾನಂತೆ, ಅವನ ಕೆಲಸದ ಹೆಸರು ಅದು. ಕ್ಲಾರ್ಕ್ ಕಾಲೇಜುಗಳನ್ನು ನಿಂದಿಸಲು ಹೊರಟವನಲ್ಲ. ಎಲ್ಲರಿಗೂ ಆಸೆ ಹುಟ್ಟಿಸಿ ಕೆಲವರಿಗೆ ಮಾತ್ರ ಸ್ಥಾನ ಕೊಡುವ ಸಮಾಜದಲ್ಲಿ ಈ ಕೆಲಸವನ್ನು ಯಾರಾದರೂ ಮಾಡಲೇಬೇಕಾಗುತ್ತದೆ ಎಂದು ಅವನು ತಣ್ಣಗೆ ಹೇಳಿದ. ಆ ತಣ್ಣನೆಯ ಮಾತೇ ಓದುವವರನ್ನು ಹೆಚ್ಚು ಕಲಕುತ್ತದೆ.

ಇನ್ನು ನ್ಯೂಯಾರ್ಕಿಗೆ ಬರೋಣ. 1969ರ ವಸಂತದಲ್ಲಿ ಅಲ್ಲಿಯ ಸಿಟಿ ಕಾಲೇಜಿನ ಕಪ್ಪು ಮತ್ತು ಪೋರ್ಟೋ ರಿಕೋ ಮೂಲದ ವಿದ್ಯಾರ್ಥಿಗಳು ಕಾಲೇಜಿನ ಒಂದು ಭಾಗವನ್ನು ಆಕ್ರಮಿಸಿ, ತಮ್ಮವರಿಗೂ ಪ್ರವೇಶ ಬೇಕೆಂದು ಹಟ ಹಿಡಿದರು. 1975ಕ್ಕೆಂದು ಇಟ್ಟುಕೊಂಡಿದ್ದ ಮುಕ್ತ ಪ್ರವೇಶವನ್ನು ನಗರ ವಿಶ್ವವಿದ್ಯಾನಿಲಯವು 1970ರಲ್ಲಿಯೇ ಜಾರಿಗೆ ತಂದಿತು. ನಗರದ ಪ್ರೌಢಶಾಲೆಯಲ್ಲಿ ತೇರ್ಗಡೆಯಾದ ಯಾರಿಗೇ ಆಗಲಿ, ಅದರ ಹಿರಿಯ ಕಾಲೇಜುಗಳಲ್ಲೋ ಕಮ್ಯುನಿಟಿ ಕಾಲೇಜುಗಳಲ್ಲೋ ಒಂದು ಸ್ಥಾನ ಖಂಡಿತ. ಆ ವರ್ಷ ಸುಮಾರು ಮೂವತ್ತೈದು ಸಾವಿರ ಹೊಸ ವಿದ್ಯಾರ್ಥಿಗಳು ಬಂದರು.

ಅವರು ಬಂದ ದಿನಗಳಲ್ಲಿ ಬರೆದ ಪ್ರಬಂಧಗಳನ್ನು ಓದಬೇಕಾಗಿ ಬಂದವರಲ್ಲಿ ಸಿಟಿ ಕಾಲೇಜಿನ ಮೀನಾ ಷಾನೆಸಿ ಎಂಬ ಅಧ್ಯಾಪಿಕೆ ಒಬ್ಬರು. ಎಷ್ಟೋ ಮಂದಿ ಸಹೋದ್ಯೋಗಿಗಳು ಆ ಹಾಳೆಗಳನ್ನು ಕಂಡು ‘ಇವರಿಗೆ ಕಲಿಸುವುದು ಸಾಧ್ಯವಿಲ್ಲ’ ಎಂದು ಕೈಚೆಲ್ಲಿದಾಗ, ಈಕೆ ಸುಮಾರು ನಾಲ್ಕು ಸಾವಿರ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಒಂದೊಂದು ತಪ್ಪಿಗೂ ಕಾರಣವನ್ನು ಹುಡುಕಿದರು. ಫಲವಾಗಿ 1977ರಲ್ಲಿ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಗ್ರಂಥ ಹೊರಬಂತು. ಮರುವರ್ಷವೇ ಅವರು ತೀರಿಕೊಂಡರು. ತಪ್ಪು ಎಂಬುದು ದಡ್ಡತನದ ಗುರುತಲ್ಲ, ಕಲಿಯುವವನು ತನ್ನದೇ ಒಂದು ನಿಯಮವನ್ನು ಕಟ್ಟಿಕೊಳ್ಳುತ್ತಿರುವುದರ ಗುರುತು ಎಂಬುದು ಆ ಗ್ರಂಥದ ಸಾರ.

ಕನ್ನಡ ಕಲಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಹಣ್ಣು’ ಎಂಬುದನ್ನು ‘ಅಣ್ಣು’ ಎಂದು ಬರೆಯುವ ಹುಡುಗನನ್ನು ನಾವೆಲ್ಲ ನೋಡಿದ್ದೇವೆ. ಅವನನ್ನು ತಿದ್ದಿದ ಮೇಲೆ ಅದೇ ಹುಡುಗ ‘ಅಕ್ಕಿ’ಯನ್ನು ‘ಹಕ್ಕಿ’ ಎಂದೂ ‘ಎತ್ತು’ ಎಂಬುದನ್ನು ‘ಹೆತ್ತು’ ಎಂದೂ ಬರೆದು ತರುತ್ತಾನೆ. ತರಗತಿ ನಗುತ್ತದೆ. ಆದರೆ ಅವನು ಮಾಡಿದ್ದೇನು? ತನ್ನ ಮನೆಯ ಮಾತಿನಲ್ಲಿ ಹಕಾರವಿಲ್ಲ, ಪುಸ್ತಕದ ಮಾತಿನಲ್ಲಿ ಇದೆ ಎಂದು ಅವನು ತಿಳಿದುಕೊಂಡಿದ್ದಾನೆ. ತಿಳಿದುದನ್ನು ಎಲ್ಲ ಕಡೆಗೂ ಶ್ರದ್ಧೆಯಿಂದ ಅನ್ವಯಿಸಿದ್ದಾನೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಹಲವು ಬೇಸಗೆಗಳನ್ನು ಕಳೆದ ನಾನು, ಅಂಕ ಕಳೆಯುವ ಕೆಂಪು ಗೆರೆ ಈ ಎರಡು ತಪ್ಪುಗಳ ನಡುವಣ ದೂರವನ್ನು ತೋರಿಸಲಾರದು ಎಂಬುದನ್ನು ಬಲ್ಲೆ. ಷಾನೆಸಿಯವರ ಕೈಯಲ್ಲಿ ಪರೀಕ್ಷೆಯ ಹಾಳೆ ಎಲ್ಲಿಂದ ಪಾಠ ತೊಡಗಬೇಕು ಎಂಬುದನ್ನು ತೋರುವ ದೀಪವಾಗಿತ್ತು.

ಆ ದೀಪವನ್ನು ಹಿಡಿದು ನಡೆಯಲು ಹಣವೂ ವೇಳೆಯೂ ಬೇಕು. 1976ರಲ್ಲಿ ನ್ಯೂಯಾರ್ಕ್ ನಗರದ ಬೊಕ್ಕಸ ಬರಿದಾಗಿ, 1847ರಿಂದ ಉಳಿದುಬಂದಿದ್ದ ಉಚಿತ ಬೋಧನೆ ನಿಂತು ಶುಲ್ಕ ಬಂತು. ನಾಡಿನ ಬೇರೆಡೆಯೂ ಕಾಲೇಜುಗಳು ಕಡಿಮೆ ಖರ್ಚಿನ ದಾರಿಯನ್ನು ಹುಡುಕುತ್ತಿದ್ದವು. ಎ.ಸಿ.ಟಿ. ಸಂಸ್ಥೆಯ ಅಸೆಟ್ ಪರೀಕ್ಷೆ 1983ರಲ್ಲಿ ಬಂತು. ಕೆಲಕಾಲದಲ್ಲಿಯೇ ಕಾಲೇಜ್ ಬೋರ್ಡಿನ ಅಕ್ಯುಪ್ಲೇಸರ್, ಎ.ಸಿ.ಟಿ.ಯ ಕಂಪಾಸ್ ಎಂಬ ಕಂಪ್ಯೂಟರ್ ಪರೀಕ್ಷೆಗಳು ಬಂದವು. ಇವುಗಳ ಕ್ರಮ ಜಾಣತನದ್ದು: ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣ, ತಪ್ಪಾದರೆ ಸುಲಭ, ಹೀಗೆ ಹಲವೇ ಪ್ರಶ್ನೆಗಳಲ್ಲಿ ಒಂದು ಅಂಕ ಸಿದ್ಧ. ಓದುವ ಗುರುವೇ ಬೇಡ. ‘ಇದರಲ್ಲಿ ಪಾಸು ಫೇಲು ಇಲ್ಲ’ ಎಂಬ ಮಾತನ್ನು ನಂಬಿ, ಏನೂ ಓದಿಕೊಳ್ಳದೆ, ಹೆಸರು ನೋಂದಾಯಿಸಿದ ದಿನವೇ ಎಷ್ಟೋ ಮಂದಿ ಅದಕ್ಕೆ ಕುಳಿತರು. ತಮ್ಮ ಮುಂದಿನ ಎರಡು ವರ್ಷ ಅಲ್ಲಿ ನಿಶ್ಚಯವಾಗುತ್ತಿದೆಯೆಂಬುದು ಅವರಿಗೆ ತಿಳಿಯಲಿಲ್ಲ. ಉತ್ತೀರ್ಣತೆಯ ಗೆರೆಯೂ ಒಂದೊಂದು ಕಾಲೇಜಿನಲ್ಲಿ ಒಂದೊಂದು. ಒಂದೇ ಅಂಕ ಪಡೆದವನು ಈ ಊರಿನಲ್ಲಿ ಯೋಗ್ಯ, ಪಕ್ಕದ ಊರಿನಲ್ಲಿ ಅಯೋಗ್ಯ!

ಗೆರೆಯ ಕೆಳಗೆ ಬಿದ್ದವನಿಗೆ ಏನಾಗುತ್ತಿತ್ತು? ಗಣಿತದಲ್ಲಿ ಅಂಕಗಣಿತ, ಬೀಜಗಣಿತದ ಮುನ್ನುಡಿ, ಪ್ರಾಥಮಿಕ ಬೀಜಗಣಿತ, ಮಧ್ಯಮ ಬೀಜಗಣಿತ ಎಂದು ಮೂರು ನಾಲ್ಕು ಮೆಟ್ಟಿಲುಗಳಿರುತ್ತಿದ್ದವು. ಶುಲ್ಕ ತೆರಬೇಕು, ಆದರೆ ಪದವಿಯ ಲೆಕ್ಕಕ್ಕೆ ಅವು ಸೇರವು. ಒಂದು ಸರಳ ಲೆಕ್ಕ ಮಾಡೋಣ. ಪ್ರತಿ ಮೆಟ್ಟಿಲಿನಲ್ಲಿಯೂ ನೂರಕ್ಕೆ ಎಪ್ಪತ್ತೈದು ಮಂದಿ ಗೆದ್ದು ಮುಂದೆ ಹೋದರೆಂದು ಇಟ್ಟುಕೊಳ್ಳಿ. ಯಾವ ಅಧ್ಯಾಪಕನಿಗೂ ಅದು ಕೆಟ್ಟ ಫಲಿತಾಂಶವಲ್ಲ. ಆದರೂ ಮೊದಲ ಮೆಟ್ಟಿಲಿನ ನೂರು ಮಂದಿಯಲ್ಲಿ ಉಳಿಯುವವರು 75, ಎರಡನೆಯದರಲ್ಲಿ 56, ಮೂರನೆಯದರಲ್ಲಿ 42, ಮೂರು ಮೆಟ್ಟಿಲು ದಾಟಿ ನಿಜವಾದ ಕಾಲೇಜು ಗಣಿತವನ್ನು ಮುಗಿಸುವವರು ಸುಮಾರು 32. ಯಾರೂ ಅನ್ಯಾಯ ಮಾಡಿಲ್ಲ; ಆದರೂ ಮೂವರಲ್ಲಿ ಇಬ್ಬರು ಇಲ್ಲವಾಗಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನ ಥಾಮಸ್ ಬೇಲಿ ಮತ್ತು ಅವರ ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಹೇಳಿತು: ಪರಿಹಾರ ಬೋಧನೆಗೆ ಕಳುಹಿಸಲ್ಪಟ್ಟವರಲ್ಲಿ ಅದರ ಎಲ್ಲ ಮೆಟ್ಟಿಲುಗಳನ್ನು ಮುಗಿಸಿದವರು ಅರ್ಧಕ್ಕಿಂತ ಕಡಿಮೆ. ಹಲವರು ಯಾವ ತರಗತಿಯಲ್ಲಿಯೂ ಸೋತವರಲ್ಲ. ಮೊದಲ ತರಗತಿಗೇ ಬಾರದೆ, ಇಲ್ಲವೆ ಒಂದು ಮುಗಿಸಿ ಮತ್ತೊಂದಕ್ಕೆ ಬಾರದೆ ಹೋದವರು.

ಅಳತೆಗೋಲೇ ಸರಿಯಿಲ್ಲ ಎಂಬ ಅನುಮಾನ ಇದಕ್ಕೂ ಹಿಂದೆಯೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಮೆಕ್ಸಿಕೋ ಮೂಲದವರ ಹಕ್ಕುಗಳಿಗಾಗಿ ಹೋರಾಡುವ ಮಾಲ್ಡೆಫ್ ಸಂಸ್ಥೆಯು, ಈ ಪರೀಕ್ಷೆಗಳು ಲ್ಯಾಟಿನೋ ವಿದ್ಯಾರ್ಥಿಗಳನ್ನು ಕೆಳಗಿನ ತರಗತಿಗಳಲ್ಲಿ ಕೂಡಿಹಾಕುತ್ತಿವೆಯೆಂದು ಕ್ಯಾಲಿಫೋರ್ನಿಯಾದ ಕಾಲೇಜು ವ್ಯವಸ್ಥೆಯ ಮೇಲೆ 1988ರಲ್ಲಿ ದಾವೆ ಹೂಡಿತು. 1991ರಲ್ಲಿ ರಾಜಿಯಾಯಿತು. ಅಂಕವೊಂದನ್ನೇ ನಂಬದೆ ಬೇರೆ ಆಧಾರಗಳನ್ನೂ ನೋಡಬೇಕೆಂಬ ನಿಯಮ ಅಲ್ಲಿ ನೆಲೆಗೊಂಡಿತು. ಆದರೆ ನಿಯಮ ಕಾಗದದಲ್ಲಿ ಉಳಿದು, ಆಚರಣೆಯಲ್ಲಿ ಅಂಕವೇ ಮೇಲಾಯಿತು.

ನಿರ್ಣಾಯಕವಾದ ಮಾತು ಬಂದುದು 2012ರಲ್ಲಿ. ಕೊಲಂಬಿಯಾದ ಅದೇ ಸಂಶೋಧನ ಕೇಂದ್ರದ ಜುಡಿತ್ ಸ್ಕಾಟ್-ಕ್ಲೇಟನ್ ಒಂದು ಕಡೆ, ಕ್ಲೈವ್ ಬೆಲ್‌ಫೀಲ್ಡ್ ಮತ್ತು ಪೀಟರ್ ಕ್ರೋಸ್ಟಾ ಮತ್ತೊಂದು ಕಡೆ, ಪರೀಕ್ಷೆಯ ಅಂಕ ಮತ್ತು ಮುಂದಿನ ಓದಿನ ಫಲ ಇವೆರಡನ್ನೂ ಹೋಲಿಸಿ ನೋಡಿದರು. ಗಣಿತದಲ್ಲಿ ನಾಲ್ವರಿಗೆ ಒಬ್ಬರು, ಇಂಗ್ಲಿಷಿನಲ್ಲಿ ಮೂವರಿಗೆ ಒಬ್ಬರು ಗಂಭೀರವಾಗಿ ತಪ್ಪಾದ ಸ್ಥಾನದಲ್ಲಿ ಕುಳಿತಿದ್ದರೆಂದು ಸ್ಕಾಟ್-ಕ್ಲೇಟನ್ ಅವರ ಲೆಕ್ಕ ತೋರಿಸಿತು. ಮೇಲೆ ಕೂರಿಸಿ ಮುಳುಗಿದವರಿಗಿಂತ, ಮೇಲೆ ಚೆನ್ನಾಗಿ ಓದಬಲ್ಲವರಾಗಿದ್ದೂ ಕೆಳಗೆ ಕೂರಿಸಲ್ಪಟ್ಟವರೇ ಹೆಚ್ಚು. ಪ್ರೌಢಶಾಲೆಯಲ್ಲಿ ಅವರು ಗಳಿಸಿದ್ದ ಶ್ರೇಣಿಗಳನ್ನು ನೋಡಿದ್ದರೆ ತಪ್ಪು ಎಷ್ಟೋ ಕಡಿಮೆಯಾಗುತ್ತಿತ್ತು. ಇದರಲ್ಲಿ ಅಚ್ಚರಿಯೇನು? ಶಾಲೆಯ ಶ್ರೇಣಿ ಎಂದರೆ ನಾಲ್ಕು ವರ್ಷ, ಹಲವು ಗುರುಗಳು, ನೂರಾರು ದಿನಗಳ ಹಾಜರಿ. ಬೇಸರವಾದಾಗಲೂ ಎದ್ದು ಹೋಗುವ ಹುಡುಗ, ಬರೆಯದ ಲೆಕ್ಕವನ್ನು ಮರುದಿನ ಬರೆದು ತರುವ ಹುಡುಗಿ ಅದರಲ್ಲಿ ಕಾಣುತ್ತಾರೆ. ಕಂಪ್ಯೂಟರಿನ ಕಣ್ಣಿಗೆ ಇವರು ಬೀಳುವುದಿಲ್ಲ.

2013ರಲ್ಲಿ ನ್ಯೂಯಾರ್ಕಿನ ನಗರ ವಿಶ್ವವಿದ್ಯಾನಿಲಯದ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ ಅಲೆಗ್ಸಾಂಡ್ರಾ ಲೋಗ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಬೀಜಗಣಿತದ ಪರಿಹಾರ ಬೋಧನೆ ಬೇಕೆಂದು ಪರೀಕ್ಷೆ ತೀರ್ಮಾನಿಸಿದ್ದ 907 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಪ್ರಾಥಮಿಕ ಬೀಜಗಣಿತ. ಮತ್ತೊಂದಕ್ಕೆ ಅದರ ಜೊತೆಗೆ ವಾರಕ್ಕೊಮ್ಮೆ ಸಹಾಯದ ತರಗತಿ. ಮೂರನೆಯದಕ್ಕೆ ನೇರವಾಗಿ ಕಾಲೇಜಿನ ಸಂಖ್ಯಾಶಾಸ್ತ್ರ, ಜೊತೆಗೆ ಅಂಥದೇ ಸಹಾಯ. ಮೊದಲ ಪಂಗಡದಲ್ಲಿ ನೂರಕ್ಕೆ 39 ಮಂದಿ ತೇರ್ಗಡೆಯಾದರು, ಎರಡನೆಯದರಲ್ಲಿ 45, ಮೂರನೆಯದರಲ್ಲಿ 56. ಮೇಲಿನ ಪಾಠವನ್ನು ಓದಲಾರರೆಂದು ಯಾರನ್ನು ತಡೆದಿದ್ದರೋ ಅವರು ಕೆಳಗಿನ ಪಾಠಕ್ಕಿಂತ ಮೇಲಿನದರಲ್ಲಿಯೇ ಹೆಚ್ಚು ಗೆದ್ದರು!

ಇಷ್ಟಾದ ಮೇಲೆ ಕಾನೂನುಗಳು ಬದಲಾಗತೊಡಗಿದವು. ಫ್ಲಾರಿಡಾ 2013ರ ಕಾಯಿದೆಯಿಂದ ಸರ್ಕಾರಿ ಶಾಲೆಗಳಿಂದ ಹೊಸದಾಗಿ ಬಂದವರಿಗೆ ಈ ಪರೀಕ್ಷೆಯನ್ನು ಐಚ್ಛಿಕ ಮಾಡಿತು. ಎ.ಸಿ.ಟಿ. ಸಂಸ್ಥೆಯು 2016ರಲ್ಲಿ ತನ್ನ ಕಂಪಾಸ್ ಪರೀಕ್ಷೆಯನ್ನು ತಾನೇ ನಿಲ್ಲಿಸಿತು. ಕ್ಯಾಲಿಫೋರ್ನಿಯಾ 2017ರಲ್ಲಿ ಎ.ಬಿ. 705 ಎಂಬ ಕಾಯಿದೆಯನ್ನು ಮಾಡಿ, ವಿದ್ಯಾರ್ಥಿಯು ಒಂದು ವರ್ಷದೊಳಗೆ ಕಾಲೇಜು ಮಟ್ಟದ ಇಂಗ್ಲಿಷ್ ಮತ್ತು ಗಣಿತವನ್ನು ಮುಗಿಸುವ ಸಂಭವ ಹೆಚ್ಚುವಂತೆ ಸ್ಥಾನ ಕೊಡಬೇಕು, ಅದಕ್ಕೆ ಪ್ರೌಢಶಾಲೆಯ ದಾಖಲೆಯನ್ನು ನೋಡಬೇಕು ಎಂದು ವಿಧಿಸಿತು. 2019ರ ಶರತ್ಕಾಲದಲ್ಲಿ ಇಂಗ್ಲಿಷ್ ತರಗತಿಗೆ ಮೊದಲ ಸಲ ಬಂದವರಲ್ಲಿ ನೂರಕ್ಕೆ 96 ಮಂದಿ, ಗಣಿತಕ್ಕೆ ಬಂದವರಲ್ಲಿ 78 ಮಂದಿ ನೇರವಾಗಿ ಕಾಲೇಜು ಮಟ್ಟದ ಪಾಠಕ್ಕೆ ಕುಳಿತರು. ಮೊದಲ ಅವಧಿಯಲ್ಲಿಯೇ ಆ ಪಾಠವನ್ನು ಗೆದ್ದವರ ಪಾಲು 2015ರಲ್ಲಿದ್ದುದರ ಎರಡು ಪಟ್ಟನ್ನೂ ಮೀರಿತು.

ಹಾಗೆಂದು ಎಲ್ಲವೂ ಸುಖಾಂತವಾಯಿತೆಂದು ಹೇಳಿದರೆ ಅದು ಇತಿಹಾಸಕ್ಕೆ ಬಗೆದ ಅಪಚಾರ. ನೇರವಾಗಿ ಮೇಲಿನ ತರಗತಿಗೆ ಬಂದವರಲ್ಲಿ ಸೋತವರ ಸಂಖ್ಯೆಯೂ ಏರಿತು. ಹಲವು ವರ್ಷ ಪುಸ್ತಕ ಮುಟ್ಟದೆ ಬಂದವನಿಗೆ ಮೆಲ್ಲಗೆ ಕಲಿಯುವ ತರಗತಿಯೇ ಇಲ್ಲದಂತಾಯಿತಲ್ಲ ಎಂದು ಗಣಿತದ ಅಧ್ಯಾಪಕರು ಕೇಳಿದರು. ಆ ಪ್ರಶ್ನೆ ಸಣ್ಣದಲ್ಲ. 2022ರ ಎ.ಬಿ. 1705 ಕಾಯಿದೆಯು ನಿಯಮವನ್ನು ಇನ್ನೂ ಬಿಗಿಗೊಳಿಸಿದಾಗ ವಿಜ್ಞಾನ ವಿದ್ಯಾರ್ಥಿಗಳ ಕಲನಶಾಸ್ತ್ರದ ವಿಷಯದಲ್ಲಿ ವಾದ ಮತ್ತೆ ಕಾವೇರಿತು. ಜನಾಂಗಗಳ ನಡುವಣ ಅಂತರ ಪ್ರವೇಶದಲ್ಲಿ ಕಿರಿದಾದಷ್ಟು ತೇರ್ಗಡೆಯಲ್ಲಿ ಕಿರಿದಾಗಲಿಲ್ಲ.

ಈ ಇತಿಹಾಸವನ್ನು ಓದಿದಾಗ ನನಗೆ ಅನ್ನಿಸುವುದು ಇಷ್ಟು. ವಿದ್ಯಾರ್ಥಿಯನ್ನು ಅರಿಯುವ ಹೊಣೆಯನ್ನು ಗುರುವು ಯಂತ್ರಕ್ಕೆ ವಹಿಸಿದಾಗ ಯಂತ್ರ ತನಗೆ ತಿಳಿದುದನ್ನು ಮಾಡಿತು: ಸಾಲು ಹಚ್ಚಿತು. ಆ ಯಂತ್ರವನ್ನು ತೆಗೆದು ಪಕ್ಕಕ್ಕಿಟ್ಟ ಮಾತ್ರಕ್ಕೆ ಆ ಹೊಣೆ ತೀರಲಿಲ್ಲ. ಅದು ಗುರುವಿನ ಮನೆಗೆ ಮರಳಿ ಬಂದಿತು, ಅಷ್ಟೆ. ನ್ಯೂಯಾರ್ಕಿನ ಪ್ರಯೋಗದಲ್ಲಿ ಗೆದ್ದವರ ಪಕ್ಕದಲ್ಲಿ ವಾರವಾರವೂ ಸಹಾಯದ ತರಗತಿಯೊಂದಿತ್ತು ಎಂಬುದನ್ನು ಮರೆಯಬಾರದು. ಮೇಲಿನ ತರಗತಿಯ ಬಾಗಿಲನ್ನು ತೆರೆಯಲು ಒಂದು ಕಾಯಿದೆ ಸಾಕಾಯಿತು. ಅದರೊಳಗೆ ಬಂದು ತಡವರಿಸುತ್ತಿರುವವನ ಪಕ್ಕದಲ್ಲಿ ಕುಳಿತು, ಅವನ ತಪ್ಪು ಯಾವ ನಿಯಮದಿಂದ ಹುಟ್ಟಿತೆಂದು ನೋಡಿ ಹೇಳಿಕೊಡುವವರನ್ನು ಯಾವ ಕಾಯಿದೆಯೂ ತಾನಾಗಿ ತಂದುಕೊಡಲಾರದು. ಅಂಥವರಿಗೆ ಸಂಬಳ ಬೇಕು, ಚಿಕ್ಕ ತರಗತಿ ಬೇಕು, ಹಾಳೆಯನ್ನು ಎರಡು ಸಲ ಓದುವಷ್ಟು ಬಿಡುವು ಬೇಕು. ಕ್ಯಾಲಿಫೋರ್ನಿಯಾದ ಕಾಲೇಜುಗಳು ಇವನ್ನು ಎಷ್ಟರಮಟ್ಟಿಗೆ ಒದಗಿಸುತ್ತವೆ ಎಂಬುದರ ಮೇಲೆ, 2017ರ ಕಾಯಿದೆ ಯಾರ ಕಾಯಿದೆಯಾಗಿ ಉಳಿಯುತ್ತದೆ ಎಂಬುದು ನಿಂತಿದೆ: ಗೆಲ್ಲಬಲ್ಲವರದೋ, ಎಲ್ಲರದೋ.